ಮಹಾನಂದಕ್ಕ ಖಾಲಿ ಬಿಡುತ್ತಿದ್ದ ಹಣೆ

ಮಹಾನಂದಕ್ಕ ಯಾರ ಮುಖವನ್ನೂ ಕನ್ನಡಿಯಲ್ಲಿ ನೋಡುತ್ತಿರಲಿಲ್ಲ. ಬ್ಯೂಟಿ ಪಾರ್ಲರ್ ನಡೆಸುವ ಹೆಂಗಸಿಗೆ ಇದಕ್ಕಿಂತ ವಿಚಿತ್ರ ಚಟ ಇರಲಿಕ್ಕಿಲ್ಲ. ಕುರ್ಚಿಯಲ್ಲಿ ಕೂತವಳನ್ನು ಎಬ್ಬಿಸಿ, ಕೈ ಹಿಡಿದು ಹೊಸ್ತಿಲ ಹೊರಗೆ ಕರೆತಂದು, ಗದ್ದ ಎತ್ತಿ ಬಿಸಿಲಿಗೆ ತಿರುಗಿಸುತ್ತಿದ್ದಳು. ಹೋಗಿಬರುವವರೆಲ್ಲ ನೋಡುತ್ತಾರೆಂದು ನಾಚಿಕೊಂಡರೆ ಗದರುತ್ತಿದ್ದಳು.

"ಸುಮ್ಮ ನಿಂದ್ರು. ಒಳಗಿನ ಟ್ಯೂಬ್‌ಲೈಟ್ ಸುಳ್ಳ ಹೇಳ್ತದ. ನಾಳಿ ನೀ ಓಡ್ಯಾಡಾಕಿ ಈ ಬಿಸಿಲಾಗೇ, ಹೌದಿಲ್ಲೊ?"

ಶಹಾಬಾದಿನ ನಮ್ಮ ಓಣಿಯಲ್ಲಿ ನಮ್ಮ ಮನೆಯಿಂದ ನಾಲ್ಕನೆಯ ಬಾಗಿಲು ಆಕೆಯದು. ಚಿಂಚೋಳಿ ಕಡೆಯ ಕೊಡ್ಲಿ ಊರಿನಿಂದ ಸೊಸೆಯಾಗಿ ಬಂದವಳು. ಗಂಡ ತೀರಿಕೊಂಡ ಮೇಲೆ ದಿನಾ ರೈಲಿನಲ್ಲಿ ಕಲಬುರಗಿಗೆ ಹೋಗಿಬಂದು ಈ ಕೆಲಸ ಕಲಿತಳು. ಬಾಡಿಗೆ ಮನೆಯ ಮುಂದಿನ ಖೋಲಿಯಲ್ಲಿ ಒಂದು ಕುರ್ಚಿ, ಒಂದು ಕನ್ನಡಿ ಇಟ್ಟುಕೊಂಡಳು. ಮಕ್ಕಳಿರಲಿಲ್ಲ. ಆ ಖೋಲಿ ಮತ್ತು ಓಣಿಯ ಹೆಣ್ಣುಮಕ್ಕಳ ನಂಬಿಕೆ, ಇವೆರಡು ಬಿಟ್ಟರೆ ಆಕೆಗೆ ಬೇರೆ ಆಸರೆ ಇರಲಿಲ್ಲ. ಇದು ನನಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದೇ ನಾನು ಮಾಡಿದ್ದನ್ನು ಮಾಡಿದೆ.

ವಾಡಿಯ ಒಂದು ಖಾಸಗಿ ಶಾಲೆಯಲ್ಲಿ ನನಗೆ ಟೀಚರ್ ಕೆಲಸ ಸಿಕ್ಕಾಗ ದಿನಾ ಮುಖ ಹೇಗೆ ತಯಾರು ಮಾಡಿಕೊಳ್ಳಬೇಕೆಂದು ಕಲಿಸಿದವಳು ಆಕೆಯೇ. ನಮ್ಮೂರಲ್ಲಿ ಕಲ್ಲಿನ ಗಣಿ, ಪಾಲಿಶ್ ಕಾರ್ಖಾನೆಗಳ ಧೂಳು ತಲೆಬಾಗಿಲು ದಾಟಿದ ಕೂಡಲೇ ಮುಖಕ್ಕೆ ಕೂರುತ್ತದೆ. ನಾನು ಸಂಜೆ ಬಂದು ಸೋಪು ಹಚ್ಚಿ ಗಸಗಸ ಉಜ್ಜುವುದನ್ನು ನೋಡಿ ಆಕೆಗೆ ಸಿಟ್ಟು ಬಂದಿತ್ತು.

"ಮೊದಲ ಬರೇ ನೀರ ಹೊಡಿ, ಧೂಳ ಇಳದು ಹೋಗ್ಲಿ. ಧೂಳಿನ ಮ್ಯಾಲೇ ಉಜ್ಜಿದ್ರ ಚರ್ಮ ಕೆರದು ಹೋಗ್ತದ. ಮಾರಿ ಏನ ಪಾಲಿಶ್ ಹೊಡಿಯೂ ಕಲ್ಲ ತಿಳದೀಯೇನ?"

ನೀರಾದ ಮೇಲೆ ಫೇಸ್‌ವಾಶ್, ಒತ್ತಿ ಒರೆಸಲು ಮೆತ್ತನೆಯ ಹಳೇ ಧೋತರದ ತುಂಡು, ಆಮೇಲೆ ಕ್ರೀಮು. ಕ್ರೀಮು ಹಚ್ಚಿ ಒಂದು ಕಪ್ ಚಹಾ ಕುಡಿದು ಮುಗಿಸುವಷ್ಟು ಹೊತ್ತು ಕಾಯಬೇಕು. ಅವಸರ ಮಾಡಿದರೆ ಕೈಗೆ ಹೊಡೆಯುತ್ತಿದ್ದಳು. ನಂತರ ಬಿಸಿಲಿಗೆ ಸನ್‌ಸ್ಕ್ರೀನ್. ಫೌಂಡೇಶನ್ ಆರಿಸುವಾಗ ದವಡೆಯ ಕೆಳಗೆ ಮೂರು ಬಣ್ಣದ ಮೂರು ಚುಕ್ಕೆ ಇಟ್ಟು ತಿಕ್ಕಿ, ಹೊಸ್ತಿಲಾಚೆ ನಿಲ್ಲಿಸಿ, "ಯಾವುದು ಕಾಣಂಗಿಲ್ಲೊ ಅದ ನಿಂದು" ಎನ್ನುತ್ತಿದ್ದಳು. ಅದನ್ನೂ ತೆಳ್ಳಗೆ, ಬೇಕಾದಲ್ಲಿ ಮಾತ್ರ. ಮೂಗಿನ ಮೇಲೆ ತುಸು ಪೌಡರು, ಕಣ್ಣಿಗೆ ಕಾಡಿಗೆ, ತುಟಿಗೆ ಹಚ್ಚಿ ಬೆರಳಲ್ಲಿ ಅರ್ಧ ಒರೆಸಿದ ಲಿಪ್‌ಸ್ಟಿಕ್. ಇಷ್ಟೇ.

ಹಣೆಗೆ ಮಾತ್ರ ಏನೂ ಇಲ್ಲ. ಓಣಿಯಲ್ಲಿ ನಾವೆಲ್ಲ ವಿಭೂತಿ ಹಚ್ಚುವ ಮಂದಿ. ಹಬ್ಬ, ಪೂಜೆ, ಕನ್ಯಾ ನೋಡುವುದು, ಯಾವುದಿದ್ದರೂ ಹಿರಿಯರು ಒದ್ದೆ ಬೆರಳಿಂದ ಹಣೆಗೆ ಎಳೆಯುತ್ತಾರೆ. "ಹಣಿ ಖಾಲಿ ಇರ್ಲಿ, ಅದು ವಿಭೂತಿ ಜಾಗಾ. ಅಲ್ಲಿ ನಂದೇನ ಕೆಲಸಿಲ್ಲ" ಎನ್ನುತ್ತಿದ್ದಳು. ಓಣಿಯ ಎಷ್ಟೋ ಮದುಮಕ್ಕಳ ಹಣೆಯನ್ನು ಹಾಗೆಯೇ ಬಿಟ್ಟು ಕಳಿಸಿದ್ದಳು.

"ನಮ್ಮ ಪೋರಿಗಿ ಜರಾ ಬೆಳ್ಳಗ ಮಾಡ್ರಿ" ಎಂದು ತಾಯಂದಿರು ಬಂದರೆ ಒಂದೇ ಉತ್ತರ. "ಬೆಳ್ಳಗ ಬೇಕಿದ್ರ ಗ್ವಾಡಿಗಿ ಸುಣ್ಣಾ ಹಚ್ಚೋರ ಕಡಿ ಹೋಗ್ರಿ." ಅವರು ಬೈದುಕೊಂಡು ಹೋಗುತ್ತಿದ್ದರು, ವಾರದಲ್ಲಿ ಮತ್ತೆ ಬರುತ್ತಿದ್ದರು.

ನನ್ನನ್ನು ನೋಡಲು ಚಿತ್ತಾಪುರದಿಂದ ಬೀಗರು ಬರುವವರಿದ್ದರು. ಅದಕ್ಕೂ ಮೊದಲು ಎರಡು ಸಂಬಂಧ "ಹುಡ್ಗಿ ಜರಾ ಕಪ್ಪ" ಎಂದು ತಿರುಗಿಹೋಗಿದ್ದವು. ಆ ದಿನ ಬೆಳಿಗ್ಗೆ ಮಹಾನಂದಕ್ಕ ಮನೆಗೇ ಬಂದು, ಚಹಾದ ಹೊತ್ತು ಕಾದು, ತನ್ನ ರೀತಿಯಲ್ಲೇ ತಯಾರು ಮಾಡಿದಳು. ಬಿಸಿಲಿಗೆ ತಿರುಗಿಸಿ, "ಭಾಳ ಚಂದ ಕಾಣ್ತಿ ಪೋರಿ" ಎಂದು ಹೇಳಿ ಹೋದಳು.

ಆಕೆ ಹೋದ ಮೇಲೆ ನಾನು ಒಳಗಿನ ಖೋಲಿಯಲ್ಲಿ ಟ್ಯೂಬ್‌ಲೈಟ್ ಹಾಕಿ ಕನ್ನಡಿ ನೋಡಿದೆ. ನಾನೇ ಕಂಡೆ. ಎರಡು ಸಲ ಬೇಡವಾಗಿದ್ದ ಅದೇ ನಾನು. ಕಲಬುರಗಿಯಿಂದ ಯಾರಿಗೂ ಹೇಳದೆ ಕೊಂಡು ತಂದಿಟ್ಟಿದ್ದ, ನನಗಿಂತ ಎಷ್ಟೋ ಬೆಳ್ಳಗಿನ ಫೌಂಡೇಶನ್ ಟ್ರಂಕಿನಲ್ಲಿತ್ತು. ದಪ್ಪಗೆ ಬಳಿದುಕೊಂಡೆ. ಮುಖ ಬೆಳ್ಳಗಾಗಿ ಹಣೆ ಕಪ್ಪಗೆ ಉಳಿಯಿತು, ಅಲ್ಲಿಗೂ ಬಳಿದೆ. ಅವ್ವ ಒಲೆಯ ಮುಂದಿದ್ದಳು, ನೋಡಲಿಲ್ಲ.

ಬೀಗರು ಬಂದರು. ಹುಡುಗನ ಅಜ್ಜಿಯ ಕಾಲಿಗೆ ಬಿದ್ದೆ. ಮುದುಕಿ ಪ್ರೀತಿಯಿಂದಲೇ ಮೂರು ಬೆರಳು ನೀರಿಗದ್ದಿ, ವಿಭೂತಿ ಗಟ್ಟಿಗೆ ತಿಕ್ಕಿ, ನನ್ನ ಹಣೆಯ ಮೇಲೆ ಒತ್ತಿ ಎಳೆದಳು. ಹಸಿ ವಿಭೂತಿ ಒಣಗುವ ತನಕ ಬೆಳ್ಳಗೆ ಕಾಣುವುದಿಲ್ಲ. ಅಷ್ಟರೊಳಗೆ ಬಳಿದದ್ದು ಬೆರಳಿಗೆ ಹತ್ತಿ ಬಂದು, ಬಿಳೀ ಹಣೆಯ ಮೇಲೆ ನನ್ನ ಬಣ್ಣದ ಮೂರು ಪಟ್ಟೆ ತೆರೆದುಕೊಂಡಿದ್ದವು. ಕೂತವರೆಲ್ಲ ನೋಡಿದರು. ಮುದುಕಿ ಬೆರಳನ್ನು ಸೆರಗಿಗೆ ಒರೆಸಿಕೊಂಡು, "ಬಣ್ಣಾ ಕೈಗಿ ಹತ್ತತದಲ್ಲವ್ವ" ಎಂದಳು. ತಟ್ಟೆಯ ಮಂಡಕ್ಕಿ ಸುಸಲಾ ಯಾರೂ ಮುಟ್ಟಲಿಲ್ಲ.

ಅವರ ಗಾಡಿ ಓಣಿ ದಾಟಿದ್ದೇ ತಡ, ಅವ್ವ ಬಾಗಿಲಿಗೆ ಬಂದು ಕೂಗಾಡಿದಳು. "ಆ ಮಹಾನಂದಾ ನಮ್ಮ ಪೋರಿ ಮಾರಿ ಹಾಳ ಮಾಡಿದ್ಳು! ಬಂದ ಸಂಬಂಧ ಕಳದ್ಳು!" ಮಂದಿ ಸೇರಿತು. ಮಹಾನಂದಕ್ಕ ಬಂದಳು. ಯಾರ ಜೊತೆಗೂ ಮಾತಾಡದೆ ನನ್ನನ್ನು ಹೊಸ್ತಿಲಾಚೆ ಎಳೆದು, ಗದ್ದ ಎತ್ತಿ ಬಿಸಿಲಿಗೆ ತಿರುಗಿಸಿದಳು. ಹಣೆ ನೋಡಿದಳು.

"ಇದು ನನ್ನ ಕೈ ಅಲ್ಲ. ನಾ ಹಣಿ ಮುಟ್ಟಂಗೇ ಇಲ್ಲ. ನೀನ ಹೇಳವ್ವ, ಖರೆ ಹೇಳು, ಯಾರ ಹಚ್ಚಿದ್ರು?"

ಎಲ್ಲರೂ ನನ್ನ ಬಾಯಿ ನೋಡುತ್ತಿದ್ದರು. "ನೀನೇ ಹಚ್ಚಿದ್ಯಲ್ಲಕ್ಕ" ಎಂದೆ.

ಆಕೆ ಗದ್ದ ಬಿಟ್ಟಳು. ತಿರುಗಿ ತನ್ನ ಬಾಗಿಲಿಗೆ ನಡೆದಳು. ಆಕೆ ಹಣೆ ಮುಟ್ಟುವುದಿಲ್ಲವೆಂದು ಅಲ್ಲಿ ನಿಂತ ಹೆಂಗಸರಿಗೆಲ್ಲ ತಮ್ಮ ತಮ್ಮ ಹಣೆಯಿಂದಲೇ ಗೊತ್ತಿತ್ತು. ಒಬ್ಬರೂ ಬಾಯಿ ಬಿಡಲಿಲ್ಲ. ಮರುದಿನ ಅವ್ವನಿಗೆ ಟ್ರಂಕಿನಲ್ಲಿ ಆ ಬಾಟಲಿ ಸಿಕ್ಕಿತು. ಏನೂ ಕೇಳದೆ ಹಳೇ ಪೇಪರಿನಲ್ಲಿ ಸುತ್ತಿ ಕಸಕ್ಕೆ ಹಾಕಿದಳು.

ಹೆಣ್ಣುಮಕ್ಕಳಿದ್ದವರು ಮೊದಲು ಆಕೆಯ ಪಾರ್ಲರಿಗೆ ಹೋಗುವುದನ್ನು ಬಿಟ್ಟರು, ಆಮೇಲೆ ಉಳಿದವರು. ನಾನು ಶಾಲೆಗೆ ಹೋಗುವಾಗ ಆ ಬಾಗಿಲ ಮುಂದೆ ಮೊಬೈಲ್ ನೋಡುತ್ತ ದಾಟುತ್ತಿದ್ದೆ. ವರ್ಷ ತುಂಬುವುದರೊಳಗೆ ಕುರ್ಚಿ, ಕನ್ನಡಿಯ ಜೊತೆ ಆಕೆಯೂ ಟಂಟಂ ಗಾಡಿಯಲ್ಲಿ ಊರು ಬಿಟ್ಟಳು. ನನಗೆ ಮುಂದೆ ಮದುವೆಯಾಯಿತು, ಸೇಡಂಗೆ ಹೋದೆ. ನನ್ನ ಗಂಡ ನನ್ನನ್ನು ಮೊದಲು ನೋಡಿದ್ದು ಶಾಲೆಯಲ್ಲಿ, ಮಕ್ಕಳ ನಡುವೆ ಬೆವೆತು ನಿಂತಾಗ. ಅಂದರೆ ಆ ಸುಳ್ಳಿನಿಂದ ನನಗೆ ಬಿಡಿಗಾಸಿನ ಲಾಭವೂ ಆಗಲಿಲ್ಲ.

ಆರು ವರ್ಷದ ಮೇಲೆ ವಾಡಿಯಲ್ಲಿ ಆಕೆ ಸಿಕ್ಕಳು. ಸ್ಟೇಶನ್ ಹತ್ತಿರದ ರೊಟ್ಟಿ ಕೇಂದ್ರದಲ್ಲಿ ಜೋಳದ ರೊಟ್ಟಿ ಬಡಿಯುತ್ತಿದ್ದಳು. ಊರೆಲ್ಲರ ಚರ್ಮ ಕಾಪಾಡಿದವಳ ಕೆನ್ನೆ ಹಂಚಿನ ಝಳಕ್ಕೆ ಬೆಂದು ಕಪ್ಪಾಗಿತ್ತು. ನಾನು ನಿಂತಲ್ಲೇ ಅತ್ತೆ.

"ಅಕ್ಕಾ, ಅವತ್ತು ಹಚ್ಕೊಂಡಾಕಿ ನಾನೇ."

"ನನಗ ಅವತ್ತೇ ಗೊತ್ತಿತ್ತು" ಎಂದಳು, ಕೈ ನಿಲ್ಲಿಸದೆ. "ನನಗ್ಯಾಕ ಹೇಳ್ತಿ? ಓಣಿಗಿ ಹೇಳು."

"ಹೇಳ್ತೀನಕ್ಕ. ಬರೋ ಅಮಾಸಿಗಿ ತವರಿಗಿ ಹೋಗಾಕಿ ಇದೀನಿ, ಖರೇನೇ ಹೇಳ್ತೀನಿ."

ಆಗ ತಲೆ ಎತ್ತಿ ನೋಡಿದಳು. "ಹೇಳಿದ್ರ ನಾ ವಾಪಸ್ ಬರ್ತೀನವ್ವ. ಕನ್ನಡಿ ಇನ್ನಾ ಇಟ್ಟೀನಿ."

ಅಮಾವಾಸ್ಯೆಗೆ ಹೋದೆ, ಹೋಳಿಗೆ ಉಂಡು ಬಂದೆ. ಅವ್ವನ ಮರ್ಯಾದೆ, ಅಣ್ಣನ ಮಗಳ ಸಂಬಂಧದ ಮಾತು, ಒಂದೊಂದು ಸಲಕ್ಕೆ ಒಂದೊಂದು ನೆಪ. ಇನ್ನೊಂದು ಅಮಾವಾಸ್ಯೆಯೂ ಹೋಯಿತು. ಆಮೇಲೆ ರೊಟ್ಟಿ ಕೇಂದ್ರಕ್ಕೆ ಹೋದಾಗ, ಮಹಾನಂದಕ್ಕ ಎದೆನೋವು ಬಂದು ತೀರಿಕೊಂಡಳು, ಕೊಡ್ಲಿಗೆ ಒಯ್ದು ಮಣ್ಣು ಮಾಡಿದರು ಎಂದು ಅಲ್ಲಿಯವರು ಹೇಳಿದರು. ಮೂಲೆಯಲ್ಲಿ ಜೋಳದ ಚೀಲಗಳ ಹಿಂದೆ ಕನ್ನಡಿ ಇತ್ತು, ಸೀರೆಯಲ್ಲಿ ಸುತ್ತಿಟ್ಟಿದ್ದಳು.

ಅಲ್ಲಿಂದ ನೇರ ಶಹಾಬಾದಿಗೆ ಹೋದೆ. ಕಟ್ಟೆಯ ಮೇಲೆ ಓಣಿಯ ಹೆಂಗಸರು ಕೂತಿದ್ದರು, ಅವತ್ತು ನನ್ನ ಬಾಯಿ ನೋಡಿದವರೇ. ಕುಳಿತುಕೊಳ್ಳದೆ ಎಲ್ಲವನ್ನೂ ಹೇಳಿದೆ. ಬಾಟಲಿ, ಟ್ರಂಕು, ನಾನಾಡಿದ ಸುಳ್ಳು. ಒಳಗೆ ಅವ್ವ ಟಿವಿ ಸದ್ದು ಜೋರು ಮಾಡಿದಳು.

ಬೆಳ್ಳುಳ್ಳಿ ಸುಲಿಯುತ್ತಿದ್ದ ಗೌರಮ್ಮ ಕಾಕಿ ನನ್ನನ್ನು ವಿಚಿತ್ರವಾಗಿ ನೋಡಿದಳು. "ಅಯ್ಯ, ಅದೆಲ್ಲ ಯಾರಿಗಿ ನೆನಪದ ಬಿಡವ್ವ. ಪಾರ್ಲರ್ ಯಾಕ ಬಂದ್ ಮಾಡಿದ್ಳೊ ಏನೊ ಪಾಪ, ಆಕಿ ಕೈ ಭಾಳ ಚಲೋ ಇತ್ತು" ಎಂದು ಮೊರದ ಸಿಪ್ಪೆ ಊದಿದಳು.