ನಡುವಿನಿಂದ ಒಬ್ಬ ಎದ್ದುಹೋದಾಗ

"ಎಲ್ಲರೂ ಬಂದಾಯ್ತು" ಎಂದು ನಾನು ಕೂಗಿದಾಗ ಒಬ್ಬ ಮನುಷ್ಯ ಇನ್ನೂ ಒಳಗಿದ್ದ. ತೊಂಬತ್ತರ ದಶಕದ ಮೊದಲ ವರ್ಷಗಳು. ಮಸ್ಕತ್ತಿನ ಹೊರಗಿನ ರುಸೈಲ್‌ನ ಒಂದು ಪೇಂಟ್ ಫ್ಯಾಕ್ಟರಿಯ ಅಂಗಳ. ನನ್ನ ಕೈಯಲ್ಲಿ ಆಗಷ್ಟೇ ಪ್ರಿಂಟರಿನಿಂದ ಹರಿದುಕೊಂಡ ಹಾಳೆ. ಇಷ್ಟು ವರ್ಷಗಳಾದರೂ ಪಾತ್ರೆ ತೊಳೆಯುವಾಗ, ಇಗರ್ಜಿಯಲ್ಲಿ ಮೊಣಕಾಲೂರುವಾಗ, ಆ ಕೂಗು ಕೇಳಿಸುತ್ತದೆ. ಆ ದನಿಯಲ್ಲಿ ಸ್ವಲ್ಪ ಹೆಮ್ಮೆಯೂ ಇತ್ತು.

ಮಂಗಳೂರಿನಲ್ಲಿ ಬಿ.ಎಸ್ಸಿ. ಮುಗಿಸಿ, ಒಂದು ಕಂಪ್ಯೂಟರ್ ಡಿಪ್ಲೊಮಾ ಮಾಡಿ, ಮದುವೆಯಾಗಿ ಮಸ್ಕತ್ತಿಗೆ ಬಂದವಳು ನಾನು. ಫ್ಯಾಕ್ಟರಿಯಲ್ಲಿ ಸ್ಟೋರಿನ ಲೆಕ್ಕ ಕಂಪ್ಯೂಟರಿಗೆ ಹಾಕುವುದು ನನ್ನ ಕೆಲಸ. ಒಂದು ದಿನ ಮ್ಯಾನೇಜರ್ ಒಂದು ದಪ್ಪ ಪುಸ್ತಕ, ಒಂದು ಕಟ್ಟು ಫ್ಲಾಪಿ ತಂದು ಮೇಜಿನ ಮೇಲಿಟ್ಟರು. ಸಿ ಪ್ಲಸ್ ಪ್ಲಸ್, ಪ್ರೋಗ್ರಾಂ ಬರೆಯುವ ಭಾಷೆ. "ಥಿನ್ನರ್ ಇರುವ ಜಾಗ ಇದು. ಬೆಂಕಿ ಬಿದ್ದರೆ ಒಳಗೆ ಯಾರಿದ್ದಾರೆ ಎಂದು ಒಂದು ನಿಮಿಷದಲ್ಲಿ ಗೊತ್ತಾಗಬೇಕು. ಬರೆದುಕೊಡಿ" ಎಂದರು.

ಪುಸ್ತಕದಲ್ಲಿ ಲಿಂಕ್ಡ್ ಲಿಸ್ಟ್ ಎಂಬ ಅಧ್ಯಾಯವಿತ್ತು. ಎಷ್ಟು ಜನ ಬರುತ್ತಾರೆಂದು ಮೊದಲೇ ಗೊತ್ತಿರಬೇಕಾಗಿಲ್ಲ. ಒಬ್ಬೊಬ್ಬ ಮನುಷ್ಯನಿಗೆ ಒಂದೊಂದು ಡಬ್ಬಿ. ಅದರಲ್ಲಿ ಅವನ ನಂಬರು, ಹೆಸರು, ಮತ್ತು ಮುಂದಿನ ಡಬ್ಬಿ ಎಲ್ಲಿದೆ ಎಂಬ ವಿಳಾಸ. ಕೊನೆಯ ಡಬ್ಬಿಯಲ್ಲಿ ವಿಳಾಸದ ಜಾಗದಲ್ಲಿ ಸೊನ್ನೆ, ಅಂದರೆ ಇನ್ನು ಯಾರೂ ಇಲ್ಲ. ಮೊದಲನೆಯವನನ್ನು ಹಿಡಿದರೆ ಒಬ್ಬರಿಂದೊಬ್ಬರಿಗೆ ಹೋಗುತ್ತ ಎಲ್ಲರೂ ಸಿಗುತ್ತಾರೆ. ಡಬ್ಬಿಗೊಂದು ಕ್ಲಾಸ್, ಅಂದರೆ ಅಚ್ಚು, ಪಟ್ಟಿಗೊಂದು ಕ್ಲಾಸ್, ಸೇರಿಸಲು ಒಂದು ಫಂಕ್ಷನ್, ತೆಗೆಯಲು ಒಂದು.

ನಾನು ಕಾಗದದಲ್ಲಿ ಡಬ್ಬಿಗಳನ್ನೂ ಬಾಣಗಳನ್ನೂ ಬಿಡಿಸುತ್ತಿದ್ದಾಗ ಫೋರ್‌ಮನ್ ಬಗ್ಗಿ ನೋಡಿದರು. ಕಾಪು ಕಡೆಯ ತುಳುವರು, ಊರಿನಲ್ಲಿ ಕ್ರಿಶ್ಚಿಯನ್ ಹೆಂಗಸರನ್ನು ಕರೆಯುವ ಹಾಗೆ ನನ್ನನ್ನು ಬಾಯಮ್ಮ ಎನ್ನುತ್ತಿದ್ದರು.

"ಇದೆಂತ ಬಾಯಮ್ಮ? ನಮ್ಮ ಬಸ್ಸಿನ ಚಿತ್ರ ಬರ್ದು ಅದಕ್ಕೆ ಇಂಗ್ಲಿಷ್ ಹೆಸರಿಟ್ಟದ್ದಾ?"

ತಮಾಷೆಯಾದರೂ ಮಾತು ನಿಜವಾಗಿತ್ತು. ಕ್ಯಾಂಪಿನಿಂದ ಕೆಲಸದವರನ್ನು ತರುವ ಬಸ್ಸಿನಲ್ಲಿ ತಲೆ ಎಣಿಸುವ ಪದ್ಧತಿಯೇ ಇರಲಿಲ್ಲ. ಪ್ರತಿಯೊಬ್ಬನೂ ತನ್ನ ಹಿಂದೆ ಕೂರುವ ಒಬ್ಬನನ್ನು ಮಾತ್ರ ನೆನಪಿಡಬೇಕು. ಹೊರಡುವ ಮೊದಲು ತಿರುಗಿ ನೋಡಬೇಕು, ಅವನಿದ್ದರೆ ಸುಮ್ಮನಿರಬೇಕು, ಇಲ್ಲದಿದ್ದರೆ ಕೂಗಬೇಕು. ಯಾರೂ ಕೂಗದಿದ್ದರೆ ಡ್ರೈವರ್ ಅರಬ್ಬಿಯಲ್ಲಿ "ಯಲ್ಲಾ", ಹೊರಡೋಣ, ಎಂದು ಗೇರ್ ಹಾಕುತ್ತಿದ್ದ.

ನನ್ನ ಪ್ರೋಗ್ರಾಂ ಮೂರು ವಾರದಲ್ಲಿ ಸಿದ್ಧವಾಯಿತು. ಬೆಳಿಗ್ಗೆ ಬಸ್ಸಿನಿಂದ ಇಳಿದವರು ಸೀಟಿನ ಸಾಲಿನಲ್ಲೇ ಗೇಟಿಗೆ ಬರುತ್ತಿದ್ದರು, ನಾನು ನಂಬರು ಒತ್ತುತ್ತಿದ್ದೆ. ಬಣ್ಣ ಬೆರೆಸುವ ಕುಂದಾಪುರದವನು ದಿನಾ ಒಂದೇ ಮಾತು ಕೇಳುತ್ತಿದ್ದ: "ಹ್ವಾಯ್ ಅಕ್ಕಾ, ಡಬ್ಬಿಯೊಳಗೆ ನಾನಿದ್ನಾ ಕಾಣಿ." "ಇದ್ದೀ, ಹೋಗು" ಎನ್ನುತ್ತಿದ್ದೆ.

ಬಸ್ಸಿನಲ್ಲಿ ಫೋರ್‌ಮನ್ ಹಿಂದೆ ಒಬ್ಬ ವೆಲ್ಡರ್ ಕೂರುತ್ತಿದ್ದ. ಅವನ ಹಿಂದೆ ಕುಂದಾಪುರದವನು, ಅವನ ಹಿಂದೆ ಇನ್ನಿಬ್ಬರು. ಅಲ್ಲಿಗೆ ಬಸ್ಸು ಮುಗಿಯಿತು.

ಆ ದಿನ ವೆಲ್ಡರನನ್ನು ಲೇಬರ್ ಕಾರ್ಡಿನ ಕೆಲಸಕ್ಕೆ ಅಲ್ ಖುವೈರ್‌ನ ಸರ್ಕಾರಿ ಕಚೇರಿಗೆ ಕಳಿಸಿದರು. ನಡುಹಗಲಲ್ಲಿ ಯಾರಾದರೂ ಹೊರಗೆ ಹೋದದ್ದು ಅದೇ ಮೊದಲು. ನಾನು ಅವನ ನಂಬರು ಒತ್ತಿ ಪಟ್ಟಿಯಿಂದ ತೆಗೆದೆ. ಅವನು ಪಿಕಪ್ ಹತ್ತುವ ಮೊದಲು ಫೋರ್‌ಮನ್ ಹತ್ತಿರ ಹೋಗಿ ಭುಜ ತಟ್ಟಿ ಏನೋ ಹೇಳಿದ್ದನ್ನು ಕಿಟಕಿಯಿಂದ ನೋಡಿದೆ. ಅದು ನನಗೆ ಸಂಬಂಧಿಸಿದ್ದು ಎಂದು ಅನ್ನಿಸಲಿಲ್ಲ.

ಒಂದು ಗಂಟೆ ಕಳೆದು ಸೈರನ್ ಆಯಿತು. ಶೆಡ್ಡಿನ ಮೂಲೆಯಿಂದ ಕರಿ ಹೊಗೆ. ಡ್ರಮ್ಮುಗಳ ಮುಚ್ಚಳ ಸಿಡಿಯುವ ಸದ್ದು, ಒಂದು, ಮತ್ತೊಂದು. ನಾನು ಹಾಳೆ ಪ್ರಿಂಟ್ ಮಾಡಿ ಓಡಿದೆ. ಒಬ್ಬೊಬ್ಬರ ಹೆಸರು ಕೂಗಿದೆ. ಒಬ್ಬೊಬ್ಬರೂ ಕೈ ಎತ್ತಿದರು. ಕೊನೆಯ ಹೆಸರು ಫೋರ್‌ಮನ್ನರದ್ದು. ಅವರೂ ಎತ್ತಿದರು. ಬಸ್ಸಿನ ಕೊನೆಯ ಇಬ್ಬರು ನನ್ನ ಎದುರಿಗೇ ನಿಂತಿದ್ದರು. ನನ್ನ ಹಾಳೆಯಲ್ಲಿ ಅವರ ಹೆಸರಿರಲಿಲ್ಲ. ನಾನು ಗಮನಿಸಲಿಲ್ಲ. ಹಾಳೆಯನ್ನು ಮಾತ್ರ ನೋಡುತ್ತಿದ್ದೆ.

"ಎಲ್ಲರೂ ಬಂದಾಯ್ತು!"

ಫೋರ್‌ಮನ್ ಹಿಂದೆ ತಿರುಗಿ ನೋಡಿದರು. "ಎಲ್ಲಿ ಬಂದದ್ದು ಬಾಯಮ್ಮ? ನನ್ನ ಹಿಂದಿನವ ಎಲ್ಲಿ?"

"ವೆಲ್ಡರ್ ಅಲ್ ಖುವೈರ್‌ಗೆ ಹೋದನಲ್ಲ?"

"ಅವ ಹೋದ. ಹೋಗುವಾಗ ಅವನ ಹಿಂದಿನವನನ್ನು ನನಗೆ ಒಪ್ಪಿಸಿ ಹೋದ. ಕುಂದಾಪುರದವ ಎಲ್ಲಿ?"

ನಾನು ಹಾಳೆಯಲ್ಲಿ ಹುಡುಕತೊಡಗಿದೆ. ಅವರು ನನ್ನ ಉತ್ತರಕ್ಕೆ ಕಾಯಲಿಲ್ಲ. ಒದ್ದೆ ಗೋಣಿ ತಲೆಗೆ ಹಾಕಿಕೊಂಡು ಇನ್ನೊಬ್ಬನ ಜೊತೆ ಒಳಗೆ ನುಗ್ಗಿದರು. ಎಷ್ಟು ಹೊತ್ತಾಯಿತೋ. ಥಿನ್ನರ್ ಕೋಣೆಯ ನೆಲದಲ್ಲಿ ಹೊಗೆಗೆ ಪ್ರಜ್ಞೆ ತಪ್ಪಿ ಬಿದ್ದಿದ್ದವನನ್ನು ಕೈಕಾಲು ಹಿಡಿದು ಹೊತ್ತು ತಂದರು. ಮುಖ ಬೂದಿ ಬಣ್ಣಕ್ಕೆ ತಿರುಗಿತ್ತು. ಅಂಗಳದಲ್ಲಿ ಮಲಗಿಸಿದ ಮೇಲೆ ಅವನು ಕೆಮ್ಮಿದ. ಸ್ವಲ್ಪ ಹೊತ್ತಿನಲ್ಲೇ ಆ ಕೋಣೆಯ ಮಾಡು ಕುಸಿಯಿತು.

ಮ್ಯಾನೇಜರ್ ಮರುದಿನ ಒಂದೇ ಮಾತು ಹೇಳಿದರು: "ಕಂಪ್ಯೂಟರ್ ಪಟ್ಟಿ ಖಲಾಸ್. ಸ್ಟೋರಿನ ಕೆಲಸ ಮಾಡಿಕೊಂಡಿರಿ."

ನಾನು ತಲೆಯಾಡಿಸಿದೆ. ಆದರೆ ಆ ಪ್ರೋಗ್ರಾಂ ಅಳಿಸಲಿಲ್ಲ. ಪೂರ್ತಿ ಪ್ರಿಂಟ್ ತೆಗೆದು ಸಾಲುಸಾಲಾಗಿ ಓದಿದೆ. ತಪ್ಪಿದ್ದದ್ದು ಹೆಸರು ತೆಗೆಯುವ ಫಂಕ್ಷನ್ನಿನಲ್ಲಿ. ಹೋದವನ ಡಬ್ಬಿಯನ್ನು ಅಳಿಸಿ, ಅವನಿಗಿಂತ ಮೊದಲಿನ ಡಬ್ಬಿಯವನು ಇನ್ನಿಲ್ಲದವನ ಕಡೆ ಬೆರಳು ಮಾಡಬಾರದೆಂದು ಎಚ್ಚರಿಕೆಯಿಂದ ಅಲ್ಲಿ ಸೊನ್ನೆ ಹಾಕಿದ್ದೆ. ಹೋದವನು ಸಾಲಿನ ಕೊನೆಯವನಾದರೆ ಅದು ಸರಿ. ನಾನು ಪರೀಕ್ಷೆ ಮಾಡುವಾಗ ಪ್ರತಿ ಸಲವೂ ಮೊದಲನೆಯವನನ್ನೋ ಕೊನೆಯವನನ್ನೋ ತೆಗೆದು ನೋಡಿದ್ದೆ. ನಡುವಿನಿಂದ ಒಬ್ಬನನ್ನು ತೆಗೆದರೆ ಆ ಸೊನ್ನೆಯಿಂದಾಚೆಗಿನ ಅಷ್ಟೂ ಜನ ಇಲ್ಲವಾಗುತ್ತಿದ್ದರು. ಕಂಪ್ಯೂಟರ್ ದೂರು ಹೇಳಿರಲಿಲ್ಲ. ಸೊನ್ನೆ ಸಿಕ್ಕಿತು, ಪಟ್ಟಿ ಮುಗಿಯಿತು ಎಂದುಕೊಂಡಿತ್ತು.

ಬೇಕಾಗಿದ್ದದ್ದು ಎರಡು ಸಾಲು. ಅಳಿಸುವ ಮೊದಲು ಹೋಗುವವನ ಡಬ್ಬಿಯಲ್ಲಿರುವ ವಿಳಾಸವನ್ನು ಅವನಿಗಿಂತ ಮೊದಲಿನ ಡಬ್ಬಿಗೆ ಕೊಡಬೇಕು. ಆಮೇಲೆ ಅಳಿಸಬೇಕು. ವೆಲ್ಡರ್ ಪಿಕಪ್ ಹತ್ತುವ ಮೊದಲು ಮಾಡಿದ್ದು ಅದನ್ನೇ. ಅವನು ಓದಿದ್ದು ಏಳನೆಯ ಕ್ಲಾಸು.

ಎರಡು ಸಾಲು ಬರೆದು ಬಿಡಲು ಮನಸ್ಸಾಗಲಿಲ್ಲ. ಪ್ರೋಗ್ರಾಂನಲ್ಲಿ ಪಟ್ಟಿಯ ಇಡೀ ಕ್ಲಾಸನ್ನು ಮತ್ತೆ ಮೊದಲಿನಿಂದ ಬರೆದೆ. ಸೇರಿಸಿದವರೆಷ್ಟು, ತೆಗೆದವರೆಷ್ಟು ಎಂದು ಅದೇ ಬೇರೆಯಾಗಿ ಎಣಿಸಿ, ಪಟ್ಟಿಯಲ್ಲಿ ಸಿಕ್ಕವರ ಜೊತೆ ತಾಳೆಯಾಗದಿದ್ದರೆ ಪ್ರಿಂಟ್ ಮಾಡದೆ ಕೂಗುವಂತೆ ಮಾಡಿದೆ. ಆಮೇಲೆ ಫೋರ್‌ಮನ್ ಹತ್ತಿರ ಹೋದೆ. ಬೈಸಿಕೊಳ್ಳಲು ಸಿದ್ಧಳಾಗಿಯೇ ಹೋಗಿದ್ದೆ.

"ಅಣ್ಣ, ಈ ಪ್ರೋಗ್ರಾಂ ಗೇಟಿನಲ್ಲಿ ಇನ್ನೊಮ್ಮೆ ಇಡಬೇಕು. ನೀವು ಹೇಳಿದರೆ ಮ್ಯಾನೇಜರ್ ಕೇಳ್ತಾರೆ."

ಆವತ್ತು ಸುಟ್ಟ ಅವರ ಬಲಗೈಯ ಬ್ಯಾಂಡೇಜು ಇನ್ನೂ ಬಿಚ್ಚಿರಲಿಲ್ಲ.

"ನಾನು ಆವತ್ತು ರಜೆಯಲ್ಲಿದ್ರೆ ಎಂತ ಆಗ್ತಿತ್ತು, ಹೇಳಿ?"

"ಅವನು ಒಳಗೇ ಉಳಿಯುತ್ತಿದ್ದ" ಎಂದೆ.

"ಹಾಗಾದ್ರೆ ಎರಡೂ ಇರ್ಲಿ. ನಿಮ್ಮದೂ ಇರ್ಲಿ, ಬಸ್ಸಿನದ್ದೂ ಇರ್ಲಿ. ಆದ್ರೆ ಮೊದ್ಲು ನನ್ನೆದುರು ಮಾಡಿ ತೋರಿಸ್ಬೇಕು. ಜನ ನಿಲ್ಲಿಸಿ."

ಕುಂದಾಪುರದವನು ಕೆಲಸಕ್ಕೆ ಮರಳಿದ ವಾರ, ಮಧ್ಯಾಹ್ನದ ಊಟದ ಹೊತ್ತಿನಲ್ಲಿ, ಬಸ್ಸಿನವರೆಲ್ಲ ಗೇಟಿನಲ್ಲಿ ಸಾಲು ನಿಂತರು. ನಾನು ಸಾಲಿನ ಯಾವ್ಯಾವುದೋ ಜಾಗದಿಂದ ಒಬ್ಬೊಬ್ಬರನ್ನೇ ಹೊರಗೆ ಕಳಿಸಿದೆ, ಪ್ರತಿ ಸಲವೂ ಹಾಳೆ ತೆಗೆದು ಓದಿದೆ. ಉಳಿದವರು ತಮ್ಮ ಹೆಸರು ಕೇಳಿ ಕೈ ಎತ್ತಿದರು. ಈ ಸಲ ನಾನು ಹಾಳೆಗಿಂತ ಮುಖಗಳನ್ನು ಹೆಚ್ಚು ನೋಡಿದೆ. ಕೊನೆಗೆ ಕುಂದಾಪುರದವನು ತಾನಾಗಿಯೇ ಮುಂದೆ ಬಂದ. ದನಿ ಇನ್ನೂ ಒರಟಾಗಿತ್ತು.

"ಅಕ್ಕಾ, ನನ್ನ ತೆಗೀರಿ ಕಾಣುವ."

ಅವನ ನಂಬರು ಒತ್ತಿದೆ. ಹಾಳೆ ಹೊರಬಂತು. ಅವನೇ ಹರಿದುಕೊಂಡು, ತನ್ನ ಹೆಸರು ಹುಡುಕದೆ, ಹಾಳೆಯ ತುದಿಗೆ ಬೆರಳಿಟ್ಟು ತನ್ನ ಹಿಂದಿನ ಇಬ್ಬರ ಹೆಸರು ಗಟ್ಟಿಯಾಗಿ ಓದಿದ. ಇಬ್ಬರೂ ಕೈ ಎತ್ತಿದರು.

"ಅಡ್ಡಿಲ್ಲೆ" ಎಂದು ಹಾಳೆಯನ್ನು ಮಡಚಿ ನನ್ನ ಕೈಗೆ ಕೊಟ್ಟ. ನಾನು ಕುರ್ಚಿ ಎಳೆದುಕೊಂಡು ಗೇಟಿನ ಕಂಪ್ಯೂಟರಿನ ಎದುರು ಕುಳಿತೆ, ಮತ್ತೆ ಎಲ್ಲರನ್ನೂ ಒಬ್ಬೊಬ್ಬರಾಗಿ ಒಳಗೆ ಸೇರಿಸತೊಡಗಿದೆ.