ಪಂಚಗಣಿಯಲ್ಲಿ ಬಿಚ್ಚಿದ ಬುತ್ತಿ

ಮಗಳು ಇಷ್ಟಪಟ್ಟ ಹುಡುಗ ಮೈಸೂರಿನ ಕಡೆಯವನು. ಪುಣೆಯ ವಿಮಾನ ನಗರದ ಒಂದೇ ಆಫೀಸಿನಲ್ಲಿ ಇಬ್ಬರಿಗೂ ಕೆಲಸ. ವಿಷಯ ಮನೆಯಲ್ಲಿ ಗೊತ್ತಾದ ದಿನ ನನ್ನ ಗಂಡ, "ಅವ್ವ ಹೂಂ ಅಂದ್ರ ನಂದೂ ಹೂಂ," ಎಂದು ಹೇಳಿ ಅಂಗಡಿಗೆ ಹೋಗಿಬಿಟ್ಟರು. ಕಷ್ಟದ ಮಾತು ಬಂದಾಗಲೆಲ್ಲ ಅವರಿಗೆ ಅಂಗಡಿ ನೆನಪಾಗುತ್ತದೆ. ನಮ್ಮ ಅತ್ತೆ ಹೂಂ ಅನ್ನಲಿಲ್ಲ, ಉಹೂಂ ಅನ್ನಲೂ ಇಲ್ಲ.

"ಒಂದು ದಿನ ಆ ಹುಡುಗನ ಜೋಡಿ ತಿರುಗ್ಯಾಡಿ ನೋಡೂಣು. ಮನಷ್ಯಾನ ಗುಣಾ ದಾರ್ಯಾಗ ಗೊತ್ತಾಗ್ತದ," ಎಂದರು.

ಹಾಗಾಗಿ ಚಳಿಗಾಲದ ಒಂದು ಭಾನುವಾರ ಅತ್ತೆ, ನಾನು, ಮಗಳು ಆ ಹುಡುಗನ ಕಾರಿನಲ್ಲಿ ಯೆರವಡಾದ ನಮ್ಮ ಮನೆಯಿಂದ ಪಂಚಗಣಿಗೆ ಹೊರಟೆವು.

ಅಲ್ಲಿ ಒಳ್ಳೆಯ ಹೋಟೆಲಿನಲ್ಲಿ ಊಟಕ್ಕೆ ಹೇಳಿಡುತ್ತೇನೆ ಎಂದಿದ್ದ ಹುಡುಗ. ಅತ್ತೆ ಕೇಳಬೇಕಲ್ಲ! ನಸುಕಿನಲ್ಲೇ ಎದ್ದು ಜೋಳದ ರೊಟ್ಟಿ, ಬದನೆಕಾಯಿ ಎಣಗಾಯಿ, ಶೇಂಗಾ ಹಿಂಡಿ, ಮೊಸರು ಎಲ್ಲ ಸಿದ್ಧಮಾಡಿದ್ದರು. ನಮ್ಮ ಮನೆಯಲ್ಲಿ ದೇವರಿಗೆ ನೈವೇದ್ಯವಾಗುವ ಮೊದಲು ಅಡಿಗೆಯ ರುಚಿ ನೋಡುವಂತಿಲ್ಲ. ಅತ್ತೆ ಜೀವಮಾನವಿಡೀ ಕೈಯಂದಾಜಿನಲ್ಲೇ ಉಪ್ಪು ಹಾಕಿದವರು. ಆ ಅಂದಾಜು ಎಂದೂ ತಪ್ಪಿದ್ದಿಲ್ಲ. ಈಚೆಗೆ ತಪ್ಪುತ್ತಿತ್ತು. ಒಮ್ಮೆ ಎರಡು ಸಲ ಹಾಕುತ್ತಿದ್ದರು, ಒಮ್ಮೆ ಹಾಕುವುದನ್ನೇ ಮರೆಯುತ್ತಿದ್ದರು. ನೈವೇದ್ಯವಾದ ಮೇಲೆ ಅವರ ಕಣ್ಣು ತಪ್ಪಿಸಿ ನಾನು ರುಚಿ ನೋಡಿ ಸರಿಮಾಡುತ್ತಿದ್ದೆ. ಅಂದು ಹೊರಡುವ ಗಡಿಬಿಡಿಯಲ್ಲಿ, ನಾನು ಸೀರೆಯುಟ್ಟು ಬರುವಷ್ಟರಲ್ಲಿ ಬುತ್ತಿ ಕಟ್ಟಿ ಆಗಿತ್ತು.

ವಾಯಿ ಊರು ದಾಟಿ ಘಾಟ್ ಹತ್ತುವಾಗ ಕೆಳಗೆ ಕೃಷ್ಣೆಯ ಕಣಿವೆ ತೆರೆದುಕೊಂಡಿತು. ತುಂಡು ತುಂಡು ಹಸಿರು ಹೊಲಗಳು, ನಡುವೆ ನೀರು.

"ನಮ್ಮೂರಿಗೆ ಬರೂ ನೀರು ಇದ ನೋಡ್ರಿ," ಎಂದರು ಅತ್ತೆ ಹುಡುಗನಿಗೆ.

"ಹೌದಾ ಅಜ್ಜಿ? ನಿಲ್ಲಿಸ್ತೀನಿ, ಇಳಿದು ನೋಡಿ."

ಅತ್ತೆ ಇಳಿದು, ಸೆರಗು ಹೊದ್ದು, ನದಿಗೆ ಕೈಮುಗಿದರು. ಹುಡುಗ ಹಿಂದೆಯೇ ನಿಂತಿದ್ದ, ಅವಸರ ಮಾಡಲಿಲ್ಲ. ನನಗೆ ಸಮಾಧಾನವಾಯಿತು. ಆದರೆ ಅತ್ತೆಯ ಮುಖ ನೋಡಿ ಏನನ್ನಾದರೂ ತಿಳಿದವರು ನಮ್ಮ ವಂಶದಲ್ಲೇ ಇಲ್ಲ.

ಪಂಚಗಣಿಯ ಪೇಟೆಯಲ್ಲಿ ಸ್ಟ್ರಾಬೆರಿ ಕೊಂಡೆವು. ಗುಡ್ಡದ ನೆತ್ತಿಯ ಬಯಲಲ್ಲಿ ಸ್ವಲ್ಪ ಅಡ್ಡಾಡಿ, ಬಿಸಿಲೇರಿದ ಮೇಲೆ ನೆರಳು ನೋಡಿ ಕೂತು ಬುತ್ತಿ ಬಿಚ್ಚಿದೆವು. ಅತ್ತೆ ಬಡಿಸಿದರು, ಎಲ್ಲರದೂ ಆದ ಮೇಲೆಯೇ ಅವರ ಊಟ. ಅಜ್ಜಿಯ ಅಡಿಗೆಯನ್ನು ಬಾಯ್ತುಂಬ ಹೊಗಳಬೇಕು ಎಂದು ಮಗಳು ಹುಡುಗನಿಗೆ ಮೊದಲೇ ಪಾಠ ಮಾಡಿದ್ದಳು. ಉಣ್ಣುವ ಅನ್ನದಲ್ಲಿ ತಪ್ಪು ತೆಗೆಯುವುದೆಂದರೆ ನಮ್ಮಲ್ಲಿ ದೊಡ್ಡ ಪಾಪ.

ಮೊದಲ ತುತ್ತಿಗೇ ನನಗೆ ತಿಳಿಯಿತು. ಎಣಗಾಯಿಗೆ ಉಪ್ಪೇ ಇರಲಿಲ್ಲ. ಮಗಳು ನನ್ನ ಮುಖ ನೋಡಿದಳು. ನಾವಿಬ್ಬರೂ ತೆಪ್ಪಗೆ ಉಪ್ಪುಖಾರದ ಹಿಂಡಿ ಹಚ್ಚಿಕೊಂಡು ತಿನ್ನತೊಡಗಿದೆವು.

"ಅಜ್ಜಿ, ತಪ್ಪು ತಿಳ್ಕೋಬೇಡಿ," ಎಂದ ಹುಡುಗ. "ಮಸಾಲೆ ಸೂಪರಾಗಿದೆ. ಆದ್ರೆ ಉಪ್ಪು ಹಾಕೋದು ಮರ್ತಿದೀರ ಅನ್ಸುತ್ತೆ."

ಹೋಯಿತು, ಈ ಮದುವೆ ಇಲ್ಲಿಗೇ ಮುಗಿಯಿತು ಅಂದುಕೊಂಡೆ. ಮಗಳು ಅವನನ್ನು ನುಂಗುವ ಹಾಗೆ ನೋಡಿದಳು.

ಅತ್ತೆ ಒಂದು ಚೂರು ಬಾಯಿಗೆ ಹಾಕಿಕೊಂಡರು. ನಿಧಾನವಾಗಿ ಅಗಿದು ನುಂಗಿದರು. ನಂತರ ಅವರು ಕೇಳಿದ್ದು ಅವನನ್ನಲ್ಲ, ನನ್ನನ್ನು.

"ಮನ್ಯಾಗ ನೀ ಹಾಕ್ತಿದ್ದೇನು?"

"ಹೌದ್ರಿ ಅತ್ತಿ."

"ಯಾವಾಗಿಂದ?"

"ಭಾಳ ದಿನಾ ಆತ್ರಿ."

ಅತ್ತೆ ಕಣಿವೆಯ ಕಡೆ ಮುಖ ತಿರುಗಿಸಿದರು. ಅಷ್ಟು ಸಣ್ಣವರಾಗಿ ಅವರು ಎಂದೂ ಕಂಡಿರಲಿಲ್ಲ. ನನಗೆ ಅಳು ಬಂತು, ಹುಡುಗನ ಮೇಲೆ ಸಿಟ್ಟೂ ಬಂತು. ಒಂದು ಹೊತ್ತು ಸಪ್ಪೆ ಉಂಡಿದ್ದರೆ ಇವನ ಗಂಟೇನು ಹೋಗುತ್ತಿತ್ತು?

ಅವನು ಆಗಲೇ ಎದ್ದು ಹೋಗಿದ್ದ. ಅತ್ತ ಮೆಕ್ಕೆಜೋಳ ಸುಡುತ್ತಿದ್ದ ಹೆಂಗಸಿನ ಹತ್ತಿರ ಮರಾಠಿಯಲ್ಲಿ ಏನೋ ಕೇಳಿ, ಕಾಗದದ ಚೂರಿನಲ್ಲಿ ಉಪ್ಪು ತಂದು ಅತ್ತೆಯ ಮುಂದಿಟ್ಟ. ಅತ್ತೆ ಡಬ್ಬಿಯಲ್ಲಿ ಕಲಸಿ, ಅವನ ತಟ್ಟೆಗೇ ಮೊದಲು ಬಡಿಸಿದರು. ಅವನು ಮತ್ತೆ ಹಾಕಿಸಿಕೊಂಡು ಉಂಡ. ಅತ್ತೆಯೂ ಉಂಡರು.

ಮರಳುವಾಗ ಅತ್ತೆ ತಾವಾಗಿಯೇ ಮುಂದಿನ ಸೀಟಿನಲ್ಲಿ ಕೂತರು. ಘಾಟ್ ಇಳಿದೆವು, ವಾಯಿ ದಾಟಿತು. ಹಿಂದೆ ಮಗಳು ನನ್ನ ಕೈ ಬಿಗಿಯಾಗಿ ಹಿಡಿದು ಕೂತಿದ್ದಳು. ಹೆದ್ದಾರಿ ಸೇರಿದ ಮೇಲೆ ಅತ್ತೆ ಬಾಯಿ ಬಿಟ್ಟರು.

"ನಿಮ್ಮ ಅಪ್ಪನ್ನ, ಅವ್ವನ್ನ ಮನಿಗೆ ಕರಕೊಂಡ ಬಾ. ಅವತ್ತಿನ ಅಡಿಗಿ ನಾನ ಮಾಡ್ತೀನಿ."

ಬೆಳಿಗ್ಗೆಯಿಂದ ಅವನನ್ನು ಬಹುವಚನದಲ್ಲೇ ಮಾತಾಡಿಸುತ್ತಿದ್ದವರು ಈಗ ಮನೆಯ ಹುಡುಗನಿಗೆ ಅಂದಂತೆ 'ಬಾ' ಎಂದಿದ್ದರು.

"ಖಂಡಿತ ಅಜ್ಜಿ," ಎಂದ ಹುಡುಗ.

ಅತ್ತೆ ಅವನ ಕಡೆ ತಿರುಗಿದರು.

"ನೈವೇದ್ಯಕ್ಕಿಂತ ಮೊದ್ಲ ನೀ ಒಲಿ ಮುಂದ ಬಂದು ಉಪ್ಪು ನೋಡಿ ಹೇಳಬೇಕು," ಎಂದರು. "ದೇವರಿಗೆ ನಾ ಹೇಳ್ಕೋತೀನಿ."