ಅಪೀಲು ಬೇಡ ಎಂದ ಹಮಾಲ

“ಮಾಡದ ಕಳವಿಗೆ ನಾ ಯಾಕ ಕೈ ಮುಗೀಲಿ ಅಂತ ನಮ್ಮನಿಯವ್ರು ಕೇಳ್ತಾರ್ರಿ ಅಕ್ಕಾರ. ಏನ್ ಹೇಳ್ಲಿ?”

ಜೈಲಿನ ಸ್ಟಾಪು ಯಾವುದೆಂದು ವಿಚಾರಿಸಿ ಧಾರವಾಡದ ಸಿಟಿ ಬಸ್ಸಿನಲ್ಲಿ ನನ್ನ ಪಕ್ಕ ಕುಳಿತ ಗರಗದ ಹೆಣ್ಣುಮಗಳು ಹೀಗೆ ಕೇಳಿದಳು. ಹತ್ತಿ ಗೋದಾಮಿನಲ್ಲಿ ಹಮಾಲಿ ಮಾಡುತ್ತಿದ್ದ ಅವಳ ಗಂಡನಿಗೆ ಕಳವಿನ ಕೇಸಿನಲ್ಲಿ ಶಿಕ್ಷೆಯಾಗಿದೆ. ಅಪೀಲು ಹಾಕಲು ಸರ್ಕಾರವೇ ಪುಕ್ಕಟೆ ವಕೀಲರನ್ನು ಕೊಡುತ್ತದೆ ಎಂದು ಜೈಲಿನವರು ಹೇಳಿದರೂ ಆತ ಅರ್ಜಿಗೆ ಹೆಬ್ಬೆಟ್ಟು ಒತ್ತುತ್ತಿಲ್ಲವಂತೆ. ಅಪೀಲೆಂದರೆ ತಪ್ಪೊಪ್ಪಿಕೊಂಡು ಮಾಫಿ ಬೇಡುವುದು ಎಂದು ತಿಳಿದಿದ್ದಾನೆ. ಎಂಥ ಹಟಮಾರಿ ಎಂದು ನನಗೆ ಸಿಟ್ಟೇ ಬಂತು.

“ಹಂಗಲ್ಲವ್ವಾ. ಅದು ಮಾಫಿ ಬೇಡೂದಲ್ಲ. ತೀರ್ಪು ಸರಿ ಇಲ್ಲ, ಇನ್ನೊಮ್ಮೆ ನೋಡ್ರಿ ಅಂತ ಕೇಳೂದು. ಅದು ಅವರ ಹಕ್ಕು,” ಎಂದೆ.

ಆಕೆ ನನ್ನತ್ತ ತಿರುಗಿದಳು. “ಮಾಡಿಲ್ಲಂತ ಮೊದಲ ಕೋರ್ಟಿನ್ಯಾಗ ಹೇಳ್ಯಾರಲ್ರಿ. ಖರೇ ಮಾತು ಎಷ್ಟ್ ಸಲ ಹೇಳಬೇಕ್ರಿ?”

ಮೇಲಿನ ಕೋರ್ಟಿನಲ್ಲಿ ಬೇರೆ ಜಡ್ಜ್ ಇರುತ್ತಾರೆ, ಅಪೀಲಿನ ಗಡುವು ದಾಟಿದರೆ ಕಷ್ಟ ಎಂದು ಏನೇನೋ ತೊದಲಿದೆ. ಅಷ್ಟರಲ್ಲಿ ಅವಳ ಸ್ಟಾಪು ಬಂತು. ಸೆರಗು ಸರಿಮಾಡಿಕೊಂಡು ಇಳಿದು ಹೋದಳು. ನನ್ನ ಮಾತು ಅವಳಿಗೆ ತಿಳಿಯಿತೋ ಇಲ್ಲವೋ, ಗಂಡನಿಗೆ ಅದನ್ನು ಹೇಗೆ ಹೇಳಿದಳೋ ಗೊತ್ತಿಲ್ಲ.

ಆ ಹಟಕ್ಕೆ ಬೈಯಬೇಕೋ ಕೈ ಮುಗಿಯಬೇಕೋ ನನಗಿನ್ನೂ ತಿಳಿಯುತ್ತಿಲ್ಲ. ಕಳವು ಮಾಡಿಲ್ಲವೆಂದೇ ಆತ ಸುಮ್ಮನಿದ್ದಾನೆ. ಗಡುವು ಮುಗಿದ ಮೇಲೆ ನೋಡುವವರಿಗೆ ಆ ಮೌನವೇ ತಪ್ಪೊಪ್ಪಿಗೆಯಂತೆ ಕಾಣುತ್ತದೆ.